ಅನೇಕ್ ಕನ್ನಡ ಕಂಡೆನ್ಸ್ಡ್: ದಪ್ಪ ಉಂಟು, ಇಕ್ಕಟ್ಟು ಉಂಟು, ವಾಲಿಸುವುದು ನಮ್ಮ ಕೆಲಸ

ಕಾಸರಗೋಡಿನಲ್ಲಿ ಬ್ಯಾನರ್ ಮಾಡುವವರಿಗೆ ಜಾಗದ್ದೇ ತಲೆನೋವು. ಒಂದೇ ಬ್ಯಾನರಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಹಿಡಿಸಬೇಕು. ಪ್ರಾಯೋಜಕರ ಫೋಟೋ ಬೇರೆ. ಕಬಡ್ಡಿ ಪಂದ್ಯಾಟದ ಹುಡುಗರಂತೂ "ಅಣ್ಣಾ, ಅಕ್ಷರ ಓಡುವ ಹಾಗೆ ಇರಲಿ" ಅಂತಾರೆ. ಅಂದರೆ ದಪ್ಪಗೆ (ಬೋಲ್ಡ್), ಒತ್ತೊತ್ತಾಗಿ (ಕಂಡೆನ್ಸ್ಡ್), ಬಲಕ್ಕೆ ವಾಲಿ (ಇಟಾಲಿಕ್) ಇರಬೇಕು. ಇಂಗ್ಲಿಷಿಗೆ ಬಾರ್ಲೋ ಕಂಡೆನ್ಸ್ಡ್ ಬೋಲ್ಡ್ ಇಟಾಲಿಕ್ ಎಂಬ ಫಾಂಟ್ ಪುಕ್ಕಟೆ ಸಿಗುತ್ತದೆ. ಕನ್ನಡಕ್ಕೆ ನಾನು ಹಾಕುವುದು ಅನೇಕ್ ಎಂಬ ಫಾಂಟ್.

ಫಾಂಟ್ ತಯಾರಿಸುವ ಮುಂಬೈಯ ಏಕ್ ಟೈಪ್‌ನವರು ಮಾಡಿದ್ದು, 2022ರಲ್ಲಿ ಬಂತು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಭಾರತದ 9 ಲಿಪಿಗಳು, ಜೊತೆಗೆ ಇಂಗ್ಲಿಷ್. ನಮಗೆ ಲಾಭ ಇರುವುದು ಇಲ್ಲೇ. ಮಲಯಾಳದ ಸಾಲೂ ಕನ್ನಡದ ಸಾಲೂ ಒಂದೇ ತೂಕದಲ್ಲಿ ಕೂರುತ್ತವೆ. ಒಂದು ದಪ್ಪ, ಒಂದು ಸಣಕಲು ಎಂಬ ತಕರಾರಿಲ್ಲ. ಬ್ಯಾನರ್ ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಎರಡೂ ಕಡೆಯಿಂದ ಅಮುಕಿದರೆ ನಿಂತ ಗೆರೆ ಮಾತ್ರ ತೆಳುವಾಗುತ್ತದೆ, ಅಲ್ವಾ? ಇದರಲ್ಲಿ ಕಂಡೆನ್ಸ್ಡ್ ಅನ್ನೇ ಬೇರೆಯಾಗಿ ಬರೆದಿರುವುದರಿಂದ ಆ ಗೋಳಿಲ್ಲ.

ಇಟಾಲಿಕ್ ಮಾತ್ರ ಇಲ್ಲ. ನಾವೇ ವಾಲಿಸಬೇಕು. ಇಂಗ್ಲಿಷ್ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ನಮ್ಮದು ಎಲ್ಲಾ ದುಂಡು. ವಾಲಿಸಿದ ಕೂಡಲೇ ದುಂಡಿನ ಬಲಮೇಲಿನ ಮೂಲೆ ಊದಿಕೊಳ್ಳುತ್ತದೆ, ಎಡಮೇಲಿನದು ಸೊರಗುತ್ತದೆ. 'ಪಂದ್ಯಾಟ'ದ ಸೊನ್ನೆ ನೋಡಿ, ಓರೆ ಇಟ್ಟ ಮೊಟ್ಟೆಯ ಹಾಗೆ ಕಾಣುತ್ತದೆ. 8 ಡಿಗ್ರಿವರೆಗೆ ಕಣ್ಣಿಗೆ ಬೀಳುವುದಿಲ್ಲ. 12 ದಾಟಿದರೆ ಚೆನ್ನಾಗಿರಲ್ಲ. ಆದರೆ ಒಂದು ಚಂದವೂ ಉಂಟು. ವಾಲಿಸಿದಾಗ ಅಕ್ಷರ ಕೂರುವ ಗೆರೆಯ ಮೇಲಿನದು ಬಲಕ್ಕೆ ಹೋಗುತ್ತದೆ, ಕೆಳಗಿನದು ಎಡಕ್ಕೆ. ಹಾಗಾಗಿ 'ದ್ಯಾ'ದ ಒತ್ತು ಮುಂದಿನ 'ಟ'ಕ್ಕೆ ತಾಗದೆ ತನ್ನ ಅಕ್ಷರದ ಅಡಿಗೇ ಸರಿಯುತ್ತದೆ. ಇಕ್ಕಟ್ಟಿನ ಸಾಲಿಗೆ ಇದು ದೊಡ್ಡ ಉಪಕಾರ.

ಎಕ್ಸ್‌ಟ್ರಾ ಬೋಲ್ಡ್ ಅನ್ನು ಹೆಡ್ಡಿಂಗಿಗೆ ಮಾತ್ರ ಇಟ್ಟುಕೊಳ್ಳಿ. ಕೇರಳದಲ್ಲಿ ಪಿವಿಸಿ ಫ್ಲೆಕ್ಸ್‌ಗೆ ನಿಷೇಧ ಇರುವುದರಿಂದ ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸುತ್ತೇವೆ, ಅದರಲ್ಲಿ ಇಂಕು ಸ್ವಲ್ಪ ಹರಡುತ್ತದೆ. 'ಧ'ದ ಕೆಳಗಿನ ಸೀಳು ಮುಚ್ಚಿ 'ದ' ಆಗುತ್ತದೆ. ದಿನಾಂಕ, ಸ್ಥಳದ ಸಾಲಿಗೆ ಸೆಮಿ ಬೋಲ್ಡ್ ಸಾಕು. ಎರಡು ಸಾಲುಗಳ ನಡುವೆಯೂ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ.

ನುಡಿ ಸಾಫ್ಟ್‌ವೇರಿನ ಹಳೆ ಅಕ್ಷರದಲ್ಲಿ ಟೈಪ್ ಮಾಡಿಟ್ಟ ಮ್ಯಾಟರ್ ಇದಕ್ಕೆ ಆಗುವುದಿಲ್ಲ. ಮೊದಲು ಯೂನಿಕೋಡ್ ಮಾಡಿಕೊಳ್ಳಿ. ತೀರಾ ಹಳೆಯ ಕೋರೆಲ್ ಇದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಅಂಥವರು ಇಂಕ್‌ಸ್ಕೇಪ್ ಎಂಬ ಉಚಿತ ಡಿಸೈನ್ ಸಾಫ್ಟ್‌ವೇರಿನಲ್ಲಿ ಬರೆದು, ಅಲ್ಲೇ ವಾಲಿಸಿ, ಅಕ್ಷರಗಳನ್ನು ಕರ್ವ್ ಮಾಡಿ (ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿಸಿ) ಪಿಡಿಎಫ್ ತನ್ನಿ. ಬಯಲಾಟ, ಬ್ರಹ್ಮಕಲಶದ ಬ್ಯಾನರಿಗೆ ನಾನಂತೂ ಇದನ್ನು ಹಾಕುವುದಿಲ್ಲ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್‌ಗೆ ಧೈರ್ಯವಾಗಿ ಹಾಕಿ.