ಪೋಲೆಂಡ್‌ನಲ್ಲಿ ಮನೆ ಹಿಡಿಯುವವರೇ, ‘ಡಿಪಾಸಿಟ್’ ಅಂತ ಬರೆಯುವ ಮುಂಚೆ ಇದನ್ನು ಓದಿ

ಕೆಲಸದ ಮೇಲೆ ಪೋಲೆಂಡ್‌ಗೆ ಹೊರಟವರು, ಅಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರು ಓದಲಿ ಅಂತ ಬರೆಯುತ್ತಿದ್ದೇನೆ. ಒಂದು ಇಂಗ್ಲಿಷ್ ಪದದ ದೆಸೆಯಿಂದ ನನ್ನ ಕೈಯಿಂದ 3,000 ಜ್ವೋತಿ ಹೋಗುವುದಿತ್ತು, ನಮ್ಮ ಲೆಕ್ಕದಲ್ಲಿ 60,000 ರೂಪಾಯಿಗೂ ಮೇಲೆ. ಕೊನೆಗೆ ಅರ್ಧ ಉಳಿಯಿತು. ಯಾರೂ ಮೋಸ ಮಾಡಲಿಲ್ಲ. ಮನೆಯ ಮಾಲೀಕರು ವಯಸ್ಸಾದ ಹೆಂಗಸು, ಮಾತಿಗೆ ಗಟ್ಟಿ. ತಪ್ಪಿದ ಮಾತು ನನ್ನದು, ಅದೂ ನಾನು ಆಡಿದ್ದೇನೆ ಅಂತ ನನಗೇ ಗೊತ್ತಿರದ ಮಾತು.

ಕ್ರಾಕೋವ್‌ನ ರುಚಾಯ್ ಅನ್ನುವ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಐಟಿಯವರು ಹೆಚ್ಚಾಗಿ ಇರುವ ಕಡೆ, ಆಫೀಸಿಗೆ ಟ್ರಾಮ್ ಇದೆ. ಫೋಟೋ ನೋಡಿದೆ, ವಿಡಿಯೋ ಕಾಲ್‌ನಲ್ಲಿ ಅಡುಗೆಮನೆ ನೋಡಿದೆ, ಒಪ್ಪಿದೆ. ಆಗ ನಾನಿನ್ನೂ ಬೆಂಗಳೂರಲ್ಲಿ ವೀಸಾಗೆ ಕಾಯುತ್ತಿದ್ದೆ. ಬೇರೆ ಇಬ್ಬರು ಕೇಳುತ್ತಿದ್ದಾರೆ, ಮನೆ ಹಿಡಿದಿಡಬೇಕಾದರೆ ಏನಾದರೂ ಕೊಡಿ ಅಂತ ಮಾಲೀಕರು ಅಂದರು. ಇದರಲ್ಲೇನೂ ವಿಶೇಷ ಇಲ್ಲ, ನಮ್ಮಲ್ಲೂ ಟೋಕನ್ ಅಡ್ವಾನ್ಸ್ ಕೊಡುತ್ತೇವಲ್ಲ. ನಾನೇ ಬುದ್ಧಿವಂತಿಕೆ ಮಾಡಿ ಒಂದು ಇಂಗ್ಲಿಷ್ ಕರಾರುಪತ್ರದ ನಮೂನೆ ಹುಡುಕಿ, ಮನೆ ಕಾಯ್ದಿರಿಸಲು ಬಾಡಿಗೆದಾರನು 3,000 ಜ್ವೋತಿ ‘ಡಿಪಾಸಿಟ್’ ಕೊಡತಕ್ಕದ್ದು ಅಂತ ಸೇರಿಸಿ, ಇಡೀ ಪತ್ರವನ್ನು ಅನುವಾದದ ಆ್ಯಪ್‌ಗೆ ಹಾಕಿ ಪೋಲಿಷ್ ಮಾಡಿದೆ. ಎಡಗಡೆ ಇಂಗ್ಲಿಷ್, ಬಲಗಡೆ ಪೋಲಿಷ್. ಕೊನೆಯ ಸಾಲಿನಲ್ಲಿ, ಎರಡಕ್ಕೂ ವ್ಯತ್ಯಾಸ ಬಂದರೆ ಪೋಲಿಷ್ ಪಾಠವೇ ಅಂತಿಮ. ಆ ಸಾಲು ನಮೂನೆಯಲ್ಲೇ ಇತ್ತು. ತೆಗೆಯಬಹುದಿತ್ತು, ತೆಗೆಯಲಿಲ್ಲ.

ಇಂಗ್ಲಿಷಿನಲ್ಲಿ ‘ಡಿಪಾಸಿಟ್’ ಅಂದರೆ ಅದೊಂದು ದೊಡ್ಡ ಚೀಲ. ಬ್ಯಾಂಕಿಗೆ ಕಟ್ಟುವ ದುಡ್ಡೂ ಅದೇ, ಮನೆಗೆ ಕೊಡುವ ಭದ್ರತಾ ಠೇವಣಿಯೂ ಅದೇ, ವ್ಯಾಪಾರ ಕುದುರಿಸಲು ಕೊಡುವ ಮುಂಗಡವೂ ಅದೇ, ಹೊಳೆ ತಂದು ಹಾಕುವ ಮೆಕ್ಕಲೂ ಅದೇ. ಪೋಲಿಷಿನಲ್ಲಿ ಒಂದೊಂದಕ್ಕೂ ಬೇರೆ ಡಬ್ಬಿ. ಮನೆ ವಿಷಯಕ್ಕೇ ಮೂರು ಇವೆ. ‘ಕೌತ್ಸ್ಯಾ’ ಅಂದರೆ ಮನೆ ಬಿಡುವಾಗ ವಾಪಸ್ ಬರುವ ಭದ್ರತಾ ಹಣ. ‘ಜಲಿಚ್ಕಾ’ ಅಂದರೆ ಮುಂದೆ ಕೊಡಬೇಕಾದ ಮೊತ್ತದಲ್ಲಿ ಮುಂಚಿತವಾಗಿ ಕೊಟ್ಟ ಭಾಗ. ವ್ಯವಹಾರ ಮುರಿದರೆ ಹಿಂದಿರುಗಿಸಬೇಕು. ಮೂರನೆಯದು ‘ಜದಾತೆಕ್’. ಇದಕ್ಕೆ ಅಲ್ಲಿನ ಸಿವಿಲ್ ಕೋಡ್‌ನ 394ನೇ ಕಲಮೇ ಇದೆ: ಬೇರೆ ಏನೂ ಬರೆದುಕೊಂಡಿಲ್ಲದಿದ್ದರೆ, ಕೊಟ್ಟವನು ಕರಾರು ನಡೆಸದೆ ಹೋದಾಗ ಪಡೆದವನು ಕರಾರಿನಿಂದ ಹಿಂದೆ ಸರಿದು ದುಡ್ಡು ಇಟ್ಟುಕೊಳ್ಳಬಹುದು, ಪಡೆದವನೇ ತಪ್ಪಿದರೆ ಎರಡರಷ್ಟು ಕೇಳಬಹುದು.

ನನ್ನ ಪತ್ರದಲ್ಲಿ ಆ್ಯಪ್ ಆರಿಸಿದ್ದು ಮೂರನೆಯದನ್ನು. ಆರಿಸಿದ್ದು ಪೂರ್ತಿ ತಪ್ಪು ಅನ್ನಲೂ ಬರುವುದಿಲ್ಲ, ‘ಮನೆ ಕಾಯ್ದಿರಿಸಲು’ ಅಂತ ಬರೆದವನು ನಾನೇ ತಾನೇ.

ಅನುವಾದ ಸರಿಯಿದೆಯೋ ಇಲ್ಲವೋ ನೋಡಲು ಎಲ್ಲರೂ ಹೇಳುವ ಉಪಾಯ ಒಂದಿದೆ: ಬಂದ ಪೋಲಿಷನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡು. ನಾನೂ ನೋಡಿದೆ. ‘ಜದಾತೆಕ್’ ತಿರುಗಿ ‘ಡಿಪಾಸಿಟ್’ ಅಂತಲೇ ಬಂತು. ಸರಿಯಾಗಿದೆ ಅಂತ ನಿಶ್ಚಿಂತೆಯಿಂದ ಸಹಿ ಹಾಕಿದೆ. ಆಮೇಲೆ ಕುತೂಹಲಕ್ಕೆ ‘ಕೌತ್ಸ್ಯಾ’ ಹಾಕಿದರೆ ಅದೂ ‘ಡಿಪಾಸಿಟ್’. ‘ಜಲಿಚ್ಕಾ’ ಒಮ್ಮೆ ‘ಅಡ್ವಾನ್ಸ್’, ಇನ್ನೊಮ್ಮೆ ಮತ್ತೆ ‘ಡಿಪಾಸಿಟ್’. ಮೂರು ಡಬ್ಬಿಯಲ್ಲಿ ಯಾವುದನ್ನು ಬಗ್ಗಿಸಿದರೂ ಬೀಳುವುದು ಅದೇ ಚೀಲಕ್ಕೆ. ಅನೇಕ ಅರ್ಥದ ಪದದ ವಿಷಯದಲ್ಲಿ ಈ ಪರೀಕ್ಷೆ ತಪ್ಪನ್ನು ಹಿಡಿಯುವುದೇ ಇಲ್ಲ, ತಪ್ಪಿಗೆ ಮೊಹರು ಒತ್ತಿ ಕಳಿಸುತ್ತದೆ. ದಯವಿಟ್ಟು ಇದನ್ನು ನಂಬಬೇಡಿ.

ವೀಸಾ ಒಂದು ತಿಂಗಳು ತಡವಾಯಿತು. ಹೇಳಿದ ದಿನಕ್ಕೆ ಬರಲಾಗುವುದಿಲ್ಲ ಅಂತ ಮಾಲೀಕರಿಗೆ ಬರೆದೆ. ಅವರು ಎರಡು ವಾರ ಕಾದು ಬೇರೆಯವರಿಗೆ ಮನೆ ಕೊಟ್ಟರು, ಅದು ನ್ಯಾಯವೇ. ಹಾಗಾದರೆ ನನ್ನ ದುಡ್ಡು ವಾಪಸ್ ಕೊಡಿ ಅಂತ ಇಂಗ್ಲಿಷಿನಲ್ಲಿ ಬರೆದು, ಆ್ಯಪ್‌ನಲ್ಲಿ ತಿರುಗಿಸಿ ಕಳಿಸಿದೆ. ಉತ್ತರ ಒಂದೇ ಸಾಲು: ಜದಾತೆಕ್ ಹೋಯಿತು, ಸಹಿ ನಿಮ್ಮದೇ ಇದೆ.

ಆ ಉತ್ತರ ಅಷ್ಟು ಬಿರುಸಾಗಿ ಯಾಕೆ ಬಂತು ಅಂತ ಕ್ರಾಕೋವ್ ತಲುಪಿ, ನಮ್ಮ ಟೀಮಿನ ಪೋಲಿಷ್ ಸಹೋದ್ಯೋಗಿಗೆ ಫೋನ್ ತೋರಿಸಿದಾಗಲೇ ಗೊತ್ತಾಗಿದ್ದು. ಆಕೆ ಓದಿ ಹಣೆ ಹಿಡಿದುಕೊಂಡಳು. ಇಂಗ್ಲಿಷಿನ ‘ಯೂ’ ಕೂಡ ಎರಡು ಅರ್ಥದ ಪದವೇ ಅಲ್ಲವಾ? ನಮ್ಮ ನೀನು, ನೀವು ಎರಡೂ ಅದರೊಳಗಿವೆ. ಪೋಲಿಷರು ಪರಿಚಯ ಇಲ್ಲದವರನ್ನು, ಹಿರಿಯರನ್ನು ‘ಪಾನ್’, ‘ಪಾನಿ’ ಅಂತ ಗೌರವದಿಂದ ಕರೆಯುತ್ತಾರೆ. (ಪಾನಿ ಅಂದರೆ ನೀರಲ್ಲ, ಅಮ್ಮನವರೇ ಅಂದ ಹಾಗೆ.) ಆ್ಯಪ್ ನನ್ನ ‘ಯೂ’ವನ್ನು ಏಕವಚನ ಮಾಡಿಬಿಟ್ಟಿತ್ತು. ಎಪ್ಪತ್ತು ದಾಟಿದ ಹೆಂಗಸಿಗೆ ನಾನು ಬರೆದಿದ್ದು, “ನನ್ನ ದುಡ್ಡು ನಂಗೆ ವಾಪಸ್ ಕೊಡು.” ನಮ್ಮೂರಲ್ಲಿ ಯಾವ ಮನೆ ಓನರಿಗಾದರೂ ಹೀಗೆ ಅಂದು ನೋಡಿ!

ಅದೇ ವಾರ ಸಾಗರಕ್ಕೆ ಫೋನ್ ಮಾಡಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಜದಾತೆಕ್, ಕೌತ್ಸ್ಯಾ ಅಂತ ವಿವರಿಸಿ ನಾನು ಸುಸ್ತಾಗುವ ಹೊತ್ತಿಗೆ ಅಪ್ಪ ಅಂದರು, “ಅದು ಸಂಚಕಾರ ಮಾರಾಯ. ಸಂಚಕಾರ ಕೊಟ್ಟವ್ನು ತಪ್ಪಿದ್ರೆ ಹೋದಂಗೇ. ಅಡ್ವಾನ್ಸ್ ಅಂದ್ಕಂಡ್ಯಾ ನೀನು?” ತೋಟದ ವ್ಯಾಪಾರಕ್ಕೆ, ಜಮೀನಿನ ಕ್ರಯಕ್ಕೆ ನಮ್ಮ ಹಿರಿಯರು ಬಳಸುತ್ತಿದ್ದ ಪದ. ನಾವು ಅದನ್ನು ‘ಪ್ರಾಣಕ್ಕೆ ಸಂಚಕಾರ’ ಅನ್ನುವ ಕಡೆಗೆ ಮಾತ್ರ ಉಳಿಸಿಕೊಂಡಿದ್ದೇವೆ. ಪೋಲಿಷಿನ ಜದಾತೆಕ್‌ಗೆ ಅಳತೆ ತೆಗೆದು ಹೊಲಿದಂತಹ ಪದ ಕನ್ನಡದಲ್ಲೇ ಇತ್ತು, ನಾನು ಇಂಗ್ಲಿಷಿನ ಮೂಲಕ ಸುತ್ತಿಕೊಂಡು ಹೋಗಿ ಬಿದ್ದೆ. ಹಾಗಾದರೆ ಕನ್ನಡದಿಂದಲೇ ನೇರ ಪೋಲಿಷ್ ಮಾಡೋಣ ಅಂತ ಆ್ಯಪ್‌ಗೆ ‘ಸಂಚಕಾರ’ ಹಾಕಿದೆ. ‘ಅಪಾಯ’ ಅನ್ನುವ ಅರ್ಥದ ಪದ ಬಂತು. ಒಂದು ಲೆಕ್ಕದಲ್ಲಿ ಸರಿಯೇ.

ಬೆಂಗಳೂರಿನವರಿಗೆ ಇನ್ನೊಂದು ಗುಂಡಿ ಇದೆ. ನಾವು ‘ಅಡ್ವಾನ್ಸ್’ ಅನ್ನುವುದು ಮನೆ ಬಿಡುವಾಗ ಪೂರ್ತಿ ವಾಪಸ್ ಬರುವ ಹಣಕ್ಕೆ. ಅದನ್ನೇ ಇಂಗ್ಲಿಷ್ ಅಂದುಕೊಂಡು ಬರೆದರೆ ಪೋಲಿಷಿನಲ್ಲಿ ‘ಜಲಿಚ್ಕಾ’ ಆಗಿ, ಬಾಡಿಗೆಗೆ ವಜಾ ಆಗುವ ಹಣ ಅಂತ ಮಾಲೀಕರು ತಿಳಿಯುತ್ತಾರೆ. ‘ರೆಂಟ್’ ಅನ್ನುವುದೂ ಹಾಗೇ. ಆ್ಯಪ್ ಅದನ್ನು ‘ಚಿನ್ಶ್’ ಮಾಡುತ್ತದೆ. ಜಾಹೀರಾತುಗಳಲ್ಲಿ ಮಾತ್ರ ಎಷ್ಟೋ ಸಲ ಚಿನ್ಶ್ ಅಂದರೆ ಮಾಲೀಕರಿಗೆ ಕೊಡುವ ಬಾಡಿಗೆಯ ಮೇಲೆ ಕಟ್ಟಡದ ಆಡಳಿತಕ್ಕೆ ಕೊಡುವ ತಿಂಗಳ ಶುಲ್ಕ, ನಮ್ಮ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಇದ್ದ ಹಾಗೆ. 2,800ರ ಮುಂದೆ ಕೂಡಿಸುವ ಗುರುತು ಹಾಕಿ ಚಿನ್ಶ್ 650 ಅಂತ ಇದ್ದರೆ, ತಿಂಗಳಿಗೆ 3,450. ಅದರ ಮೇಲೆ ‘ಮೆದ್ಯಾ’ ಅಂತಲೂ ಇರುತ್ತದೆ. ಟಿವಿ, ಪೇಪರ್ ಅಲ್ಲ, ಕರೆಂಟು, ಗ್ಯಾಸು, ನೀರಿನ ಬಿಲ್ಲು.

ನನ್ನ ದುಡ್ಡಿನ ಕತೆ ಮುಗಿಸುತ್ತೇನೆ. ಅದೇ 394ನೇ ಕಲಮಿನ ಮೂರನೇ ಪ್ಯಾರಾದಲ್ಲಿ ಒಂದು ದಾರಿ ಇತ್ತು: ಇಬ್ಬರೂ ಒಪ್ಪಿ ಕರಾರು ಬಿಟ್ಟರೆ, ಅಥವಾ ಇಬ್ಬರಲ್ಲಿ ಯಾರ ಹೊಣೆಯೂ ಅಲ್ಲದ ಕಾರಣಕ್ಕೆ ಕರಾರು ನಡೆಯದೆ ಹೋದರೆ, ಜದಾತೆಕ್ ಹಿಂದಿರುಗಿಸಬೇಕು. ವೀಸಾ ತಡ ಆಗಿದ್ದು ಅಂಥ ಕಾರಣವೋ ಅಲ್ಲವೋ ಅಂತ ಕೋರ್ಟಿನಲ್ಲಿ ವಾದ ಮಾಡುವ ಶಕ್ತಿ ನನಗಿರಲಿಲ್ಲ. ಸಹೋದ್ಯೋಗಿ ನನ್ನ ಪರವಾಗಿ, ಸಾಲಿಗೊಂದು ‘ಪಾನಿ’ ಹಾಕಿ, ಮೊದಲ ಪತ್ರ ಯಂತ್ರದ ಅನುವಾದ, ಕ್ಷಮಿಸಬೇಕು ಅಂತ ಕಾಗದ ಬರೆದಳು. ಆ ಹೆಂಗಸು 1,500 ಹಿಂದಕ್ಕೆ ಹಾಕಿದರು. ಖಾಲಿ ಬಿದ್ದ ಎರಡು ವಾರಕ್ಕೆ ಉಳಿದದ್ದು ಅಂದರು. ಮೊದಲ ಪತ್ರವೇ ಹೀಗೆ ಹೋಗಿದ್ದರೆ ಪೂರ್ತಿ ಬರುತ್ತಿತ್ತೇನೋ ಅಂತ ಈಗಲೂ ಅನಿಸುತ್ತದೆ.

ಎರಡನೇ ಮನೆಗೆ ನಾನು ಮಾಡಿದ್ದು ಇಷ್ಟು. ಹಣದ ಹೆಸರು ಕೇಳಲಿಲ್ಲ, ಹಣದ ಗತಿ ಕೇಳಿದೆ: ನಾನು ಬರದಿದ್ದರೆ ಇದು ಯಾರದ್ದು, ಮನೆ ಬಿಟ್ಟ ಮೇಲೆ ಎಷ್ಟು ದಿನಕ್ಕೆ ಬರುತ್ತದೆ? ಉತ್ತರವನ್ನು ಹಾಗೇ ಪೂರ್ತಿ ವಾಕ್ಯವಾಗಿ ಕರಾರಿಗೆ ಸೇರಿಸಿದೆವು. ಕೌತ್ಸ್ಯಾಗೆ ಕಾನೂನಿನ ಆಸರೆಯೂ ಇದೆ. 2001ರ ಬಾಡಿಗೆದಾರರ ರಕ್ಷಣೆಯ ಕಾಯ್ದೆಯ ಪ್ರಕಾರ ಅದು ತಿಂಗಳ ಬಾಡಿಗೆಯ 12 ಪಟ್ಟು ಮೀರಬಾರದು, ‘ನಾಯೆಂ ಒಕಜ್ಯೊನಾಲ್ನಿ’ ಅನ್ನುವ, ಅಂದರೆ ಮನೆ ಬಿಡುತ್ತೇನೆ ಅಂತ ಬಾಡಿಗೆದಾರ ಮೊದಲೇ ನೋಟರಿ ಮುಂದೆ ಬರೆದುಕೊಡುವ ಬಗೆಯ ಕರಾರಿನಲ್ಲಿ 6 ಪಟ್ಟು. ಮನೆ ಖಾಲಿ ಮಾಡಿದ ಒಂದು ತಿಂಗಳೊಳಗೆ, ಬಾಕಿ ಕಳೆದು, ಹಿಂದಿರುಗಿಸಬೇಕು. ಪತ್ರವನ್ನು ‘ತ್ವುಮಾಚ್ ಪ್ಶಿಶೆಂಗ್ವಿ’, ಅಂದರೆ ಪ್ರಮಾಣವಚನ ಪಡೆದ ಅನುವಾದಕರಿಗೆ ತೋರಿಸಿದೆ. ಇವರ ಪಟ್ಟಿಯನ್ನು ಅಲ್ಲಿನ ನ್ಯಾಯ ಸಚಿವಾಲಯವೇ ಇಟ್ಟಿರುತ್ತದೆ. ಲೆಕ್ಕ ಪುಟಕ್ಕಿಷ್ಟು ಅಂತ, ಆದರೆ ಪುಟ ಅಂದರೆ ಖಾಲಿ ಜಾಗವೂ ಸೇರಿ 1,125 ಅಕ್ಷರ. ನಿಮ್ಮ ಎರಡು ಹಾಳೆ ಅವರ ಲೆಕ್ಕಕ್ಕೆ ನಾಲ್ಕೈದು ಆಗಬಹುದು, ಮೊದಲೇ ಕೇಳಿಕೊಳ್ಳಿ.

ಆ್ಯಪ್ ಬಿಟ್ಟಿದ್ದೇನೆ ಅಂದರೆ ಸುಳ್ಳು. ಕಳೆದ ಚಳಿಗಾಲದಲ್ಲಿ ವಾಷಿಂಗ್ ಮೆಷಿನ್ ಬಾಗಿಲ ರಬ್ಬರ್ ಹರಿದು ನೀರು ಸೋರಿದಾಗ ‘ಸೀಲ್’ ಹಾಳಾಗಿದೆ ಅಂತ ಬರೆದೆ. ಹೋಗಬೇಕಿದ್ದದ್ದು ‘ಉಶ್ಚೆಲ್ಕಾ’, ಹೋಗಿದ್ದು ‘ಫೋಕಾ’, ಬಾಲ್ಟಿಕ್ ಸಮುದ್ರದ ಪ್ರಾಣಿ. ಮಾಲೀಕರು ನಗುವ ಮುಖದ ಚಿತ್ರ ಹಾಕಿ ಮರುದಿನ ರಿಪೇರಿಯವನನ್ನು ಕಳಿಸಿದರು. ಇಂಥದ್ದಕ್ಕೆ ಹೆದರಬೇಕಿಲ್ಲ, ಎದುರಿನವರಿಗೆ ತಪ್ಪು ಕಾಣುತ್ತದೆ. ಜದಾತೆಕ್ ಯಾರಿಗೂ ತಪ್ಪಾಗಿ ಕಾಣಲಿಲ್ಲ.

ಆ ಮನೆ ಬಿಡುವಾಗ ಹಸ್ತಾಂತರದ ಪಟ್ಟಿ ತಯಾರಿಸಿದೆ. ಹಾಲ್‌ನ ಗೋಡೆಯಲ್ಲಿ ನಾಲ್ಕು ಮೊಳೆ ಇತ್ತು. ಇಂಗ್ಲಿಷಿನಲ್ಲಿ ಬರೆದು ತಿರುಗಿಸಿ, ಈ ಸಲ ಒಂದೊಂದೇ ಪದ ನಿಘಂಟಿನಲ್ಲಿ ನೋಡುತ್ತಾ ಹೋದೆ. ಗೋಡೆಯಲ್ಲಿ ನಾಲ್ಕು ಉಗುರು ಇತ್ತು. ಅದನ್ನು ಹೊಡೆದು ಹಾಕಿ, ಕೈಯಲ್ಲೇ ‘ಗ್ವೊಜ್ಜೆ’ ಅಂತ ತಿದ್ದಿ, ಸಹಿ ಮಾಡಿದೆ.