ಚಿಕ್ಕ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೊರಡುವ ಮುನ್ನ ಇದನ್ನು ಓದಿ

ದೀಪಾವಳಿ ರಜೆ ಹತ್ತಿರ ಬರುತ್ತಿದೆ. ಪುಣೆಯಿಂದ ಬೆಳಗಾವಿಗೆ, ಧಾರವಾಡಕ್ಕೆ, ಗೋವಾಕ್ಕೆ ಕಾರಿನಲ್ಲಿ ಹೊರಡುವವರು ನಮ್ಮಲ್ಲಿ ತುಂಬ ಜನ. ಮಕ್ಕಳ ಸೈಕಲ್ಲನ್ನೂ ಜೊತೆಗೆ ಒಯ್ಯೋಣ ಅಂತ ಯಾರಾದರೂ ಅಂದುಕೊಂಡಿದ್ದರೆ, ಹೋದ ವರ್ಷ ನಮಗೆ ಆದದ್ದನ್ನು ಪೂರ್ತಿ ಓದಿ. ಒಬ್ಬ ಮನುಷ್ಯ ಮತ್ತು ಅವನ ಮಗು ನಮ್ಮಿಂದಾಗಿ ರಸ್ತೆಯಲ್ಲಿ ಬೀಳುವುದರಲ್ಲಿದ್ದರು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ನಮ್ಮದು ಸಿಎನ್‌ಜಿ ಹಾಕಿಸಿದ ಚಿಕ್ಕ ಹ್ಯಾಚ್‌ಬ್ಯಾಕ್. ಖರ್ಚು ಕಡಿಮೆ ಅಂತಲೇ ತೆಗೆದುಕೊಂಡದ್ದು. ಹೈವೇಯಲ್ಲಿ ಒಂದು ಕೆಜಿ ಗ್ಯಾಸಿಗೆ 28 ಕಿಲೋಮೀಟರ್ ಕೊಡುತ್ತದೆ. ಇಂಥ ಕಾರು ಇರುವವರಿಗೆ ಗೊತ್ತಿರುತ್ತದೆ, ಡಿಕ್ಕಿಯಲ್ಲಿ ಮುಕ್ಕಾಲು ಭಾಗ ಸಿಲಿಂಡರೇ ಇರುತ್ತದೆ. ಉಳಿದ ಜಾಗದಲ್ಲಿ ಸ್ಟೆಪ್ನಿ ನಿಂತಿರುತ್ತದೆ. ಸೈಕಲ್ ಇರಲಿ, ಎರಡು ದೊಡ್ಡ ಬ್ಯಾಗ್ ಹಿಡಿಸುವುದೂ ಕಷ್ಟ.

ವಾಸ್ಕೋದಲ್ಲಿ ನಮ್ಮ ಅಕ್ಕನ ಮನೆ. ದೀಪಾವಳಿಗೆ ಬರಲೇಬೇಕು ಅಂತ ಅಕ್ಕ, ಭಾವ ಇಬ್ಬರೂ ಕರೆದಿದ್ದರು. ಮಗ ಆಗಷ್ಟೇ ಸೈಕಲ್ ಕಲಿತಿದ್ದ. ಮಗಳಿಗೆ ಹುಟ್ಟುಹಬ್ಬಕ್ಕೆ ಹೊಸ ಸೈಕಲ್ ಕೊಡಿಸಿದ್ದೆವು. "ದೊಡ್ಡಮ್ಮನ ಮನೆ ಹತ್ತಿರ ಸಮುದ್ರದ ದಾರಿಯಲ್ಲಿ ಓಡಿಸ್ತೀವಿ" ಅಂತ ಇಬ್ಬರೂ ಒಂದು ತಿಂಗಳಿಂದ ಹೇಳುತ್ತಿದ್ದರು. ನಮ್ಮ ಮನೆಯವರ ಗೇರ್ ಸೈಕಲ್ಲೂ ಸೇರಿ ಮೂರಾಯಿತು.

ಆನ್‌ಲೈನಿನಲ್ಲಿ ಬೆಲ್ಟ್ ಕಟ್ಟುವ ರ‍್ಯಾಕ್ ಒಂದನ್ನು ತರಿಸಿದೆವು. ಡಿಕ್ಕಿ ಬಾಗಿಲಿಗೆ ಆನಿಸಿ, ಆರು ಬೆಲ್ಟುಗಳ ಹುಕ್ಕನ್ನು ಬಾಗಿಲಿನ ಅಂಚುಗಳಿಗೆ ಸಿಕ್ಕಿಸಿ ಬಿಗಿಯುವಂಥದ್ದು. ಡಬ್ಬದ ಮೇಲೆ "3 ಸೈಕಲ್, 45 ಕೆಜಿ" ಅಂತ ಬರೆದಿತ್ತು. ಮಾರುವವರ ಪುಟದಲ್ಲಿ "ಎಲ್ಲ ಹ್ಯಾಚ್‌ಬ್ಯಾಕ್‌ಗಳಿಗೂ ಹೊಂದುತ್ತದೆ" ಅಂತ ಇತ್ತು. ಮನೆಯ ತೂಕದ ಯಂತ್ರದಲ್ಲಿ ಸೈಕಲ್ಲುಗಳನ್ನು ತೂಗಿ ನೋಡಿದೆ: 16, 14, 11. ಒಟ್ಟು 41 ಕೆಜಿ. ಲೆಕ್ಕ ಸರಿಯಾಯಿತಲ್ವಾ ಅಂತ ನಿಶ್ಚಿಂತೆಯಿಂದ ಇದ್ದೆ.

ಆ 45 ಕೆಜಿ ರ‍್ಯಾಕಿನ ಕೊಳವೆಗಳು ತಡೆಯುವ ತೂಕ. ನಮ್ಮ ಕಾರಿನ ಬಾಗಿಲು ಎಷ್ಟು ತಡೆಯುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನು ನಾನು ಕೇಳಲೇ ಇಲ್ಲ. ಮೈಲೇಜ್ ಬರಲಿ ಅಂತ ಈ ಕಾರುಗಳ ಮೈಯನ್ನು ಆದಷ್ಟು ಹಗುರ ಮಾಡಿರುತ್ತಾರೆ. ನಮ್ಮ ಕಾರಿನಲ್ಲಿ ಡಿಕ್ಕಿ ಬಾಗಿಲಿನ ಮೇಲಂಚು ತಗಡಿನದಲ್ಲ, ಪ್ಲಾಸ್ಟಿಕ್ ಸ್ಪಾಯ್ಲರ್. ಮೇಲಿನ ಎರಡು ಹುಕ್ಕುಗಳು ಕೂತದ್ದು ಅದರ ಮೇಲೆ. ಹೆಚ್ಚಿನ ಭಾರ ಹೊರುವುದು ಆ ಎರಡು ಹುಕ್ಕುಗಳೇ. ಸಾಲದ್ದಕ್ಕೆ ಸೈಕಲ್ಲುಗಳು ಬಾಗಿಲಿಗೆ ಅಂಟಿಕೊಂಡಿರುವುದಿಲ್ಲ, ಒಂದು ಮೊಳ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಉದ್ದ ಕೋಲಿನ ತುದಿಗೆ ಕೊಡ ಕಟ್ಟಿ ಎತ್ತಿದರೆ ಕೈ ಎಷ್ಟು ಸೋಲುತ್ತದೆ, ಹಾಗೆ. ಸ್ಪೀಡ್ ಬ್ರೇಕರ್ ಹಾರಿದಾಗ, ಗುಂಡಿಗೆ ಇಳಿದಾಗ ಆ ಎಳೆತ ಇನ್ನೂ ಜಾಸ್ತಿ.

ಬೆಳಗ್ಗೆ ಐದಕ್ಕೆ ಹೊರಟೆವು. ನಾನೇ ಓಡಿಸುತ್ತಿದ್ದೆ. ಕಾತ್ರಜ್ ದಾಟಿ ಖಂಬಾಟಕಿ ಘಾಟ್ ಹತ್ತುವವರೆಗೆ ಎಲ್ಲ ಚೆನ್ನಾಗಿತ್ತು. ಹಿಂದಿನ ಗಾಜಿನ ತುಂಬ ಸೈಕಲ್ಲು, ಒಳಗಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತಲೇ ಇರಲಿಲ್ಲ. ಪಕ್ಕದ ಕನ್ನಡಿ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ರಿವರ್ಸ್ ಕ್ಯಾಮೆರಾನೂ ಮುಚ್ಚಿಹೋಗಿತ್ತು.

ಹಬ್ಬದ ವಾರ, ಟೋಲುಗಳಲ್ಲಿ ಉದ್ದ ಸಾಲು. ಖೇಡ್ ಶಿವಾಪುರದಲ್ಲಿ ನಿಂತೆವು, ಆನೇವಾಡಿಯಲ್ಲಿ ನಿಂತೆವು. ಕರಾಡಕ್ಕೆ ಮುಂಚೆ ತಾಸವಡೆ ಟೋಲಿನಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ಹತ್ತು ಹದಿನೈದು ನಿಮಿಷ ಕಾದೆವು. ಢಬ್ ಅಂತ ಸದ್ದಾಯಿತು. ಮಗ ಬೆಚ್ಚಿ ಅತ್ತೇಬಿಟ್ಟ. ಇಳಿದು ನೋಡಿದರೆ ಮಗಳ ಸೈಕಲ್ಲಿನ ಟೈರು ಒಡೆದಿತ್ತು. ಬಿಸಿಲಿಗೆ ಗಾಳಿ ಹಿಗ್ಗಿ ಹೀಗಾಗಿರಬೇಕು ಅಂದುಕೊಂಡು, ಅದನ್ನು ಹಗ್ಗದಿಂದ ಸ್ವಲ್ಪ ಮೇಲಕ್ಕೆ ಎಳೆದು ಕಟ್ಟಿ ಮುಂದೆ ಹೋದೆವು. ಅಲ್ಲೇ ನಿಲ್ಲಬೇಕಿತ್ತು.

ಕಾರಣ ತಿಳಿದದ್ದು ಆಮೇಲೆ, ನಿಪ್ಪಾಣಿಯಲ್ಲಿ. ಅಲ್ಲಿನ ಸೈಕಲ್ ರಿಪೇರಿಯವರು ಟೈರನ್ನು ಕೈಯಲ್ಲಿ ಹಿಡಿದು ತಿರುಗಿಸಿ, "ಅಕ್ಕಾರ, ಇದು ಬಿಸಲಿಗೆ ಒಡದದ್ದಲ್ರೀ. ಸೈಲೆನ್ಸರ್ ಕಾವಿಗೆ ಕರಗೇತಿ, ನೋಡ್ರಿ ಇಲ್ಲಿ" ಅಂದರು. ಒಂದು ಕಡೆ ರಬ್ಬರು ಮೇಣದ ಹಾಗೆ ನುಣುಪಾಗಿತ್ತು. ಮಗಳ ಸೈಕಲ್ಲಿಗೆ ನಡುವಿನ ಅಡ್ಡ ದಂಡ ಇಲ್ಲ, ಇಳಿಜಾರು ಫ್ರೇಮು. ಅಂಥ ಸೈಕಲ್ಲು ರ‍್ಯಾಕಿನಲ್ಲಿ ನೇರ ಕೂರುವುದಿಲ್ಲ. ಓರೆಯಾಗಿ ನೇತಾಡುತ್ತದೆ, ಒಂದು ಚಕ್ರ ಕೆಳಗೆ ಇಳಿಯುತ್ತದೆ. ನಮ್ಮದರಲ್ಲಿ ಆ ಚಕ್ರ ಸರಿಯಾಗಿ ಸೈಲೆನ್ಸರ್ ಬಾಯಿಯ ಎದುರಿಗೇ ಇಳಿದಿತ್ತು. ಇಂಥ ಸೈಕಲ್ಲಿಗೆ ಸೀಟಿನ ಕಂಬದಿಂದ ಹ್ಯಾಂಡಲ್ಲಿಗೆ ಹಾಕುವ ಬೇರೆ ಅಡ್ಡ ದಂಡ ಸಿಗುತ್ತದೆ. ಅದು ನಮಗೆ ಗೊತ್ತೇ ಇರಲಿಲ್ಲ, ಮಾರಿದವರೂ ಹೇಳಲಿಲ್ಲ.

ಕಿಣಿ ಟೋಲಿನಲ್ಲಿ ಪೊಲೀಸರು ನಿಲ್ಲಿಸಿದರು. ಹಿಂದಿನ ನಂಬರ್ ಪ್ಲೇಟ್ ಕಾಣುತ್ತಿಲ್ಲ, ಒಂದು ಕಡೆಯ ಬ್ರೇಕ್ ಲೈಟೂ ಅರ್ಧ ಮುಚ್ಚಿದೆ ಅಂದರು. ದಂಡ ಕಟ್ಟಿದೆವು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಕೊಲ್ಹಾಪುರ ದಾಟಿತು. ಕಾಗಲ್ ದಾಟಿತು. ರಸ್ತೆ ಖಾಲಿ ಇದ್ದ ಕಡೆ ನಾನು 90ರ ಮೇಲೆಯೇ ಓಡಿಸುತ್ತಿದ್ದೆ. ನಿಪ್ಪಾಣಿ ಇನ್ನೇನು ಬಂತು ಅನ್ನುವಾಗ ಹಿಂದೆ ಟಪ್ ಅಂತ ಒಂದು ಚಿಕ್ಕ ಸದ್ದು. ಆಮೇಲೆ ಕರಕರ ಅಂತ ಏನೋ ಉಜ್ಜುವ ಸದ್ದು. ಒಳಗಿನ ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಅಷ್ಟರಲ್ಲಿ ಹಿಂದೆ ಯಾರೋ ಜೋರಾಗಿ ಬ್ರೇಕ್ ಹಾಕಿದರು. ಒಬ್ಬರು ಬೈಕಿನಲ್ಲಿ ಪಕ್ಕಕ್ಕೆ ಬಂದು ಕೈ ಬೀಸುತ್ತ, "ದಾದಾ, ಸಾಯಕಲ್ ಖಾಲಿ ಯೇತೇಯ್!" ಅಂತ ಕೂಗಿದರು. ಸೈಕಲ್ ಕೆಳಗೆ ಬರ್ತಿದೆ ಅಂತ. ಅವರ ಮುಂದೆ, ಟ್ಯಾಂಕಿನ ಮೇಲೆ, ನಾಲ್ಕು ವರ್ಷದ ಮಗು ಕೂತಿತ್ತು.

ರಸ್ತೆ ಅಂಚಿಗೆ ನಿಲ್ಲಿಸಿ ಇಳಿದೆವು. ಎಡಗಡೆ ಸ್ಪಾಯ್ಲರ್ ಒಂದು ತುಂಡು ಕಿತ್ತು ಬಂದು, ಹುಕ್ಕು ಗಾಳಿಯಲ್ಲಿ ಆಡುತ್ತಿತ್ತು. ರ‍್ಯಾಕು ಅರ್ಧ ಮಗುಚಿತ್ತು. ಮಗಳ ಸೈಕಲ್ಲಿನ ಚಕ್ರ ರಸ್ತೆಗೆ ಉಜ್ಜಿ ಉಜ್ಜಿ ರಿಮ್ಮು ಸವೆದಿತ್ತು. ಇನ್ನೊಂದು ಹುಕ್ಕು ಬಿಟ್ಟಿದ್ದರೆ ಮೂರೂ ಸೈಕಲ್ಲು ಆ ಬೈಕಿನ ಮುಂದೆಯೇ ಬೀಳುತ್ತಿದ್ದವು. ಆ ಮನುಷ್ಯ ಬೈಯಲೂ ಇಲ್ಲ. ಬೈಕ್ ಜಾರಿತು, ಹೇಗೋ ಹಿಡಿದೆ ಅಂದರು. ಮಗುವಿನ ತಲೆ ಸವರುತ್ತ ನಿಂತಿದ್ದರು. ನಾನು ಕೈ ಮುಗಿದೆ. ಏನು ಹೇಳಬೇಕೋ ತಿಳಿಯಲಿಲ್ಲ.

ಹಿಂದೆ ಬರುವವರಿಗೆ ಎಚ್ಚರಿಸಲು ಕೆಂಪು ತ್ರಿಕೋನ ಇಡಬೇಕಲ್ಲ, ಅದು ಡಿಕ್ಕಿಯಲ್ಲಿತ್ತು. ಡಿಕ್ಕಿ ತೆರೆಯಬೇಕಾದರೆ ರ‍್ಯಾಕ್ ಬಿಚ್ಚಬೇಕು. ಸ್ಟೆಪ್ನಿ, ಜಾಕಿ, ಪಾನಾ ಎಲ್ಲ ಅಲ್ಲೇ. ಎಲ್ಲಕ್ಕಿಂತ ನನ್ನ ಎದೆ ಝಲ್ಲೆನಿಸಿದ್ದು ಬೇರೆ ವಿಷಯ. ನಮ್ಮ ಕಾರಿನಲ್ಲಿ ಗ್ಯಾಸ್ ಸಿಲಿಂಡರಿನ ಕೈಯಿಂದ ತಿರುಗಿಸುವ ವಾಲ್ವ್ ಇರುವುದೂ ಡಿಕ್ಕಿಯೊಳಗೆ. ಗ್ಯಾಸ್ ವಾಸನೆ ಬಂದರೆ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಅದನ್ನು ಮುಚ್ಚುವುದೂ ಒಂದು. ಪುಣೆಯಿಂದ ಅಲ್ಲಿಯವರೆಗೆ ನಾವು ಆ ಬಾಗಿಲನ್ನು ಆರು ಬೆಲ್ಟುಗಳಿಂದ ಕಟ್ಟಿಹಾಕಿಕೊಂಡು ಬಂದಿದ್ದೆವು, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು. ಸಿಎನ್‌ಜಿ ಕಾರಿನವರು ದಯವಿಟ್ಟು ಇದೊಂದನ್ನು ಮರೆಯಬೇಡಿ. ನಿಮ್ಮ ಕಾರಿನ ವಾಲ್ವ್ ಎಲ್ಲಿದೆ, ಅದಕ್ಕೆ ಕೈ ಹೋಗುತ್ತದೆಯಾ ಅಂತ ಇವತ್ತೇ ನೋಡಿ.

ನಿಪ್ಪಾಣಿಯಿಂದ ಒಂದು ಛೋಟಾ ಹಾಥಿ (ಸಾಮಾನು ಸಾಗಿಸುವ ಪುಟ್ಟ ಟೆಂಪೊ) ಕರೆಸಿ ಸೈಕಲ್ಲುಗಳನ್ನು ಬೆಳಗಾವಿಗೆ, ಚಿಕ್ಕಮ್ಮನ ಮನೆಗೆ ಸಾಗಿಸಿದೆವು. ಬಾಡಿಗೆ 2,200 ರೂಪಾಯಿ. ಅಲ್ಲಿಂದ ಬರೀ ಕಾರಿನಲ್ಲಿ ಚೋರ್ಲಾ ಘಾಟ್ ಇಳಿದೆವು. ಆ ತಿರುವುಗಳಲ್ಲಿ ಹುಕ್ಕು ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ದಾರಿಯುದ್ದಕ್ಕೂ ಅದೇ ಯೋಚನೆ. ನಮ್ಮ ಮನೆಯವರೂ ಮಾತಾಡಲಿಲ್ಲ. ವಾಸ್ಕೋದಲ್ಲಿ ಭಾವ ಅಕ್ಕಪಕ್ಕದ ಮನೆಯವರಿಂದ ಮಕ್ಕಳಿಗೆ ಎರಡು ಸೈಕಲ್ ಕೇಳಿ ತಂದರು. ಮಕ್ಕಳಿಗೆ ಅಷ್ಟೇ ಸಾಕಾಗಿತ್ತು. ಗೋವಾದಲ್ಲಿ ಬಾಡಿಗೆಗೂ ಸೈಕಲ್ ಸಿಗುತ್ತವೆ. ನಾಲ್ಕು ದಿನಕ್ಕೆ ಹೋಗುವವರು ಮೊದಲು ಅದನ್ನೇ ವಿಚಾರಿಸಿ.

ವಾಪಸ್ ಬರುವಾಗ ಬೆಳಗಾವಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮೂರನ್ನೂ ಬುಕ್ ಮಾಡಿದೆವು. ಹ್ಯಾಂಡಲ್ ತಿರುಗಿಸಿ, ಪೆಡಲ್ ಬಿಚ್ಚಿ, ಗೋಣಿ ಸುತ್ತಿ, ಹೆಸರು, ಊರು ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆವು. ನಾವು ಬಂದು ಎರಡು ದಿನಕ್ಕೆ ಪುಣೆ ತಲುಪಿದವು. ಒಂದು ಗೀಚೂ ಇಲ್ಲ. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಮಿರಜ್, ಬೆಳಗಾವಿ, ಲೋಂಡಾ ಮೇಲೆ ವಾಸ್ಕೋವರೆಗೇ ಹೋಗುತ್ತದೆ. ಇದು ಹೋಗುವಾಗಲೇ ಹೊಳೆಯಬೇಕಿತ್ತು.

ಖರ್ಚಿನ ಮಾತು ಹೇಳುತ್ತೇನೆ, ಯಾಕೆಂದರೆ ಉಳಿಸಲು ಹೋಗಿಯೇ ಇಷ್ಟೆಲ್ಲ ಆದದ್ದು. ನಿಪ್ಪಾಣಿವರೆಗೆ ನಮ್ಮ ಮೈಲೇಜು 28ರಿಂದ 22ಕ್ಕೆ ಇಳಿದಿತ್ತು. ಗಾಳಿಯ ತಡೆ ವೇಗದ ವರ್ಗದಂತೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ ಹಾಗೆ, ಏರುತ್ತದೆ. 80ರಲ್ಲಿ ಹೋಗುವವರು 100ಕ್ಕೆ ಏರಿಸಿದರೆ ಅದು ಒಂದೂವರೆ ಪಟ್ಟಿಗಿಂತ ಜಾಸ್ತಿ. ಹೊರಗೆ ಚಾಚಿಕೊಂಡ ಸೈಕಲ್ಲು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಸ್ಪಾಯ್ಲರ್, ಬಾಗಿಲಿನ ಬಣ್ಣ, ಒಂದು ತಗ್ಗು ಸರಿಮಾಡಿಸಲು 11,000 ರೂಪಾಯಿ. ಹೊಸ ಟೈರು, ರಿಮ್ಮು ಬೇರೆ. ರ‍್ಯಾಕ್ ಮಾರಿದವರಿಗೆ ಫೋಟೊ ಕಳಿಸಿದೆ. "ನಿಮ್ಮ ಕಾರಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳುವುದು ಗ್ರಾಹಕರ ಜವಾಬ್ದಾರಿ" ಅಂತ ಒಂದೇ ಸಾಲಿನ ಉತ್ತರ ಬಂತು. ಪುಟದಲ್ಲಿ ಆ "ಎಲ್ಲ ಹ್ಯಾಚ್‌ಬ್ಯಾಕ್" ಅನ್ನುವ ಸಾಲು ಇನ್ನೂ ಹಾಗೇ ಇದೆ.

"ಹಾಗಾದರೆ ಮೇಲೆ ಹಾಕಬೇಕಿತ್ತು" ಅಂತ ಸುಮಾರು ಜನ ಹೇಳಿದರು. ಅದನ್ನೂ ವಿಚಾರಿಸಿದೆ. ನಮ್ಮ ಕಾರಿನ ಛಾವಣಿಯ ಮೇಲಿನ ಎರಡು ಕಪ್ಪು ಪಟ್ಟಿಗಳು ಬರೀ ಅಂದಕ್ಕೆ ಇರುವಂಥವು, ಅವುಗಳ ಮೇಲೆ ಸಾಮಾನು ಹಾಕಬಾರದು ಅಂತ ಕಾರಿನ ಕೈಪಿಡಿಯಲ್ಲೇ ಬರೆದಿದೆ. ತುಂಬ ಚಿಕ್ಕ ಕಾರುಗಳಲ್ಲಿ ಹೀಗೇ. ಭಾರ ತಡೆಯುವ ರೈಲ್ ಇದ್ದರೂ ಛಾವಣಿಗೆ ಇಷ್ಟೇ ಕೆಜಿ ಅಂತ ಮಿತಿ ಇರುತ್ತದೆ, ಅದರಲ್ಲಿ ರ‍್ಯಾಕಿನ ತೂಕವೂ ಸೇರುತ್ತದೆ. ಮೇಲೆ ಹಾಕಿದರೆ ಮೈಲೇಜು ಹಿಂದೆ ಹಾಕಿದ್ದಕ್ಕಿಂತ ಜಾಸ್ತಿ ಬೀಳುತ್ತದೆ. ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಒಂದು ಮೀಟರ್ ಸೈಕಲ್ ನಿಲ್ಲಿಸಿಕೊಂಡು, ಅದನ್ನು ಮರೆತು ಮಾಲಿನ ಬೇಸ್‌ಮೆಂಟಿಗೆ ನುಗ್ಗಿದರೆ ಛಾವಣಿಯೇ ಕಿತ್ತು ಬರಬಹುದು.

ಬೇರೆ ದಾರಿಯೇ ಇಲ್ಲ, ಹಿಂದೆ ಕಟ್ಟಿಯೇ ಒಯ್ಯಬೇಕು ಅನ್ನುವವರಿಗೆ ಇಷ್ಟು ಹೇಳುತ್ತೇನೆ. ಮೇಲಿನ ಹುಕ್ಕು ತಗಡಿನ ಮೇಲೆಯೇ ಕೂರಬೇಕು. ಪ್ಲಾಸ್ಟಿಕ್ಕಿನ ಮೇಲೆ, ಗಾಜಿನ ಅಂಚಿನ ಮೇಲೆ ಖಂಡಿತ ಬೇಡ. ಮೂರರ ಬದಲು ಒಂದೇ ಸೈಕಲ್ ಹಾಕಿ. ಯಾವ ಚಕ್ರವೂ ಸೈಲೆನ್ಸರ್ ಹತ್ತಿರ ಸುಳಿಯಬಾರದು. ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಂತು ಬೆಲ್ಟ್ ಬಿಗಿ ಇದೆಯಾ ನೋಡಿ. ಮೊದಲ ಕುಲುಕಾಟದಲ್ಲೇ ಅದು ಸಡಿಲವಾಗಿರುತ್ತದೆ. ಮಳೆಗೆ ನೆನೆದ ಮೇಲಂತೂ ಮತ್ತೆ ಬಿಗಿಯಲೇಬೇಕು. ತ್ರಿಕೋನ, ಜಾಕಿ, ಪಾನಾ ಸೀಟಿನ ಕೆಳಗೆ ಇಟ್ಟುಕೊಳ್ಳಿ.

ಮೊನ್ನೆ ನಮ್ಮ ಮೇಲಿನ ಮನೆಯವರು ಬಂದಿದ್ದರು. ಅವರದೂ ಇದೇ ಥರದ ಕಾರು. "ನಿಮ್ಮ ರ‍್ಯಾಕ್ ಸುಮ್ನೆ ಬಾಲ್ಕನಿಯಲ್ಲಿ ಬಿದ್ದಿದೆಯಲ್ಲ ಮೇಡಂ, ಅರ್ಧ ಬೆಲೆಗೆ ಕೊಡಿ" ಅಂದರು. ಅವರನ್ನು ಪಾರ್ಕಿಂಗಿಗೆ ಕರೆದುಕೊಂಡು ಹೋದೆ. ಅವರ ಕಾರಿನ ಹಿಂದೆ ನಿಂತು, ಸ್ಪಾಯ್ಲರ್ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಅಂದೆ. ಒತ್ತಿದರು. ಒಳಕ್ಕೆ ಬಾಗಿತು. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಪಾರ್ಸೆಲ್ ಆಫೀಸ್ ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಕೇಳಿದರು.