ಕಾರ್ಪೆಟ್ಟಿನ ಕಲೆಗೆ ಕೈ ಸ್ಟೀಮರ್: ಮಲೆನಾಡಿನ ಮನೆಗೆ ಎಷ್ಟು ಉಪಯುಕ್ತ?

ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಸ್ಟೀಮರ್ ಬೇಕೆಂದು ಕೇಳಿದರೆ ಸಾಮಾನ್ಯವಾಗಿ ಮೊದಲು ತೋರಿಸುವುದು ಬಟ್ಟೆಯ ಸುಕ್ಕು ಬಿಡಿಸುವ ಯಂತ್ರವನ್ನು. ಕಾರ್ಪೆಟ್ಟಿನ ಕಲೆಗೆ ಅದು ಒದಗುವುದಿಲ್ಲ. ಅದರಲ್ಲಿ ನೀರು ಒತ್ತಡವಿಲ್ಲದೆ ಕುದಿಯುವುದರಿಂದ ಹಬೆ ಮೆಲ್ಲಗೆ ಹೊರಬಂದು, ನಾರಿನ ಬುಡ ಮುಟ್ಟುವ ಮೊದಲೇ ತಣಿದು ನೀರಾಗುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಕೊಳ್ಳಬೇಕಾದದ್ದು ಮುಚ್ಚಳವನ್ನು ತಿರುಗಿಸಿ ಬಿಗಿಯುವ, ಒಳಗೆ ಸುಮಾರು 3 ಬಾರ್ ಒತ್ತಡ ಕಟ್ಟುವ ಸ್ಟೀಮ್ ಕ್ಲೀನರ್. ಅದರೊಳಗಿನ ನೀರು 130 ಡಿಗ್ರಿ ದಾಟುತ್ತದೆ, ಹಬೆ ರಭಸದಿಂದ ಹಾಗೂ ಕಡಿಮೆ ತೇವದಿಂದ ಬರುತ್ತದೆ.

ವ್ಯಾಟೇಜ್ ನೋಡುವಾಗ ಮನೆಯ ಸಾಕೆಟ್ಟನ್ನೂ ನೋಡಬೇಕು. ಕಾರ್ಚರ್ ಎಸ್‌ಸಿ 1 ಮಾದರಿ 1200 ವ್ಯಾಟ್ ಎಳೆಯುತ್ತದೆ. 6 ಆಂಪಿಯರಿನ ಸಾಧಾರಣ ಸಾಕೆಟ್ಟಿಗೆ ಅದು ಹೆಚ್ಚುಕಡಿಮೆ ಅಂಚಿನ ಹೊರೆಯಾದ್ದರಿಂದ 16 ಆಂಪಿಯರಿನದರಲ್ಲಿ ಹಾಕುವುದು ಒಳ್ಳೆಯದು. ಮಳೆಗಾಲದಲ್ಲಿ ಕರೆಂಟು ಹೋದಾಗ ಮನೆಯ ಚಿಕ್ಕ ಇನ್ವರ್ಟರಿನಿಂದ ಇದನ್ನು ನಡೆಸುವ ಆಸೆ ಇಟ್ಟುಕೊಳ್ಳಬಾರದು. ಆ ಮಾದರಿಯ ಟ್ಯಾಂಕ್ 200 ಮಿಲಿಲೀಟರಿನದು, ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ನಾನು ಬಳಸುವ ಬೇರೊಂದು ಕಂಪನಿಯ ಯಂತ್ರದಲ್ಲಿ ಟ್ಯಾಂಕ್ ದೊಡ್ಡದು, ಆದರೆ ತಂತಿ ಗಿಡ್ಡ, ಮೊದಲ ಸಲ ಗುಂಡಿ ಒತ್ತಿದಾಗ ಹಬೆಗಿಂತ ಬಿಸಿನೀರೇ ಚಿಮ್ಮುತ್ತದೆ. ಆ ಮೊದಲ ಚಿಮ್ಮನ್ನು ಬಕೆಟ್ಟಿಗೆ ಬಿಡುತ್ತೇನೆ. ಮಧ್ಯದಲ್ಲಿ ನೀರು ತುಂಬಿಸಬೇಕಾದರೆ ಪ್ಲಗ್ ತೆಗೆದು, ಉಳಿದ ಹಬೆಯನ್ನು ಪೂರ್ತಿ ಹೊರಬಿಟ್ಟು, ಯಂತ್ರ ಆರುವವರೆಗೆ ಕಾಯಲೇಬೇಕು. ಒತ್ತಡವಿರುವಾಗ ಮುಚ್ಚಳ ತೆರೆಯುವುದು ಕೈ ಮುಖ ಸುಟ್ಟುಕೊಳ್ಳುವ ದಾರಿ.

ಇನ್ನು ಮುಖ್ಯ ವಿಷಯ. ಕೈ ಸ್ಟೀಮರ್ ಕಲೆಯನ್ನು ಸಡಿಲಿಸುತ್ತದೆಯೇ ಹೊರತು ಹೀರಿಕೊಳ್ಳುವುದಿಲ್ಲ. ಹೀರುವ ಕೆಲಸ ಬಟ್ಟೆಯದು, ಅದಕ್ಕೆ ಹಳೆಯ ಬಿಳಿ ಪಂಚೆಯ ತುಂಡಿನಷ್ಟು ಒಳ್ಳೆಯದು ಬೇರೊಂದಿಲ್ಲ. ನಳಿಕೆಯ ಬ್ರಷ್ಷಿಗೆ ಬಟ್ಟೆ ಸುತ್ತಿ, ಕಲೆಯ ಅಂಚಿನಿಂದ ನಡುವಿನ ಕಡೆಗೆ ಸರಿಸುತ್ತಾ, ಬಟ್ಟೆ ಮಾಸಿದೊಡನೆ ಮಗ್ಗುಲು ಬದಲಾಯಿಸುತ್ತಾ ಹೋಗಬೇಕು. ಉಜ್ಜಬಾರದು, ಒತ್ತಿ ಎತ್ತಬೇಕು.

ಎಲ್ಲ ಕಲೆಗೂ ಬಿಸಿ ಆಗದು ಎಂಬುದನ್ನು ಡಬ್ಬದ ಮೇಲಿನ ಬರಹ ಹೇಳುವುದಿಲ್ಲ. ತುಪ್ಪ, ಎಣ್ಣೆ, ಮೇಣದಬತ್ತಿಯ ಹನಿ ಇವುಗಳ ಮೇಲೆ ಹಬೆಯ ಕೆಲಸ ನಿಜಕ್ಕೂ ಮೆಚ್ಚುವಂಥದು. ಕೆಮ್ಮಣ್ಣು ಹತ್ತಿದ್ದರೆ ಹಸಿಯಿರುವಾಗ ಮುಟ್ಟದೆ, ಪೂರ್ತಿ ಒಣಗಿಸಿ, ವ್ಯಾಕ್ಯೂಮ್ ಹಿಡಿದ ಮೇಲೆ ಉಳಿದ ಛಾಯೆಗಷ್ಟೇ ಹಬೆ ಕೊಡಬೇಕು. ಕಾಫಿಯ ನಾಡಿನಲ್ಲಿ ಹೆಚ್ಚಾಗಿ ಬೀಳುವ ಕಲೆ ಹಾಲು ಹಾಕಿದ ಕಾಫಿಯದು. ಅದರಲ್ಲಿ ಕಾಫಿಯ ಬಣ್ಣದ ಜೊತೆ ಹಾಲಿನ ಪ್ರೋಟೀನೂ ಇರುತ್ತದೆ. ನೇರವಾಗಿ ಹಬೆ ಹಾಯಿಸಿದರೆ ಮೊಟ್ಟೆ ಬೆಂದ ಹಾಗೆ ಆ ಪ್ರೋಟೀನು ಗಟ್ಟಿಯಾಗಿ ನಾರಿಗೆ ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರು, ಬಳಿಕ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿಗಳ ಜೊತೆ ಸ್ವಲ್ಪ ಬಿಳಿ ವಿನೆಗರ್ ಬೆರೆಸಿದ ನೀರು ಬಳಸಿ ಒತ್ತಿ ತೆಗೆದು, ಕಲೆ ಬಹುತೇಕ ಹೋದ ಮೇಲಷ್ಟೇ ಸ್ಟೀಮರ್ ಹಿಡಿಯಬೇಕು. ಜೂನ್ ನಂತರ ತೋಟದಿಂದ ಬಂದವರ ಕಾಲಿನಲ್ಲಿ ಇಂಬಳ ಕಚ್ಚಿದ ಗಾಯ ಸುಲಭವಾಗಿ ನಿಲ್ಲದೆ ರಕ್ತ ಸುರಿಸುತ್ತದೆ, ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಷ್ಟೆ. ಆ ಕಲೆಗೆ ತಣ್ಣೀರೇ ಮದ್ದು, ಹಬೆ ಬೇಡವೇ ಬೇಡ. ಹುಳಿಯ ಅರಿಶಿನಕ್ಕೂ ಇದು ಪರಿಹಾರವಲ್ಲ. ಸಾಬೂನು ತಾಗಿದರೆ ಅದು ಕೆಂಪಾಗುತ್ತದೆ, ಬಣ್ಣ ಮಂಕಾಗುವುದು ಬಿಸಿಲಿಗೆ, ಆಷಾಢದಲ್ಲಿ ಆ ಬಿಸಿಲನ್ನು ಎಲ್ಲಿಂದ ತರುವುದು!

ನೈಲಾನ್, ಪಾಲಿಯೆಸ್ಟರ್ ಕಾರ್ಪೆಟ್ಟುಗಳು ಹಬೆಯನ್ನು ತಾಳುತ್ತವೆ. ಉಣ್ಣೆ ಕುಗ್ಗಿ ಗಂಟುಕಟ್ಟಬಹುದು, ಸೆಣಬು ಕಂದುಬಣ್ಣಕ್ಕೆ ತಿರುಗುವುದುಂಟು, ಹಿಂಬದಿಗೆ ಅಂಟು ಹಚ್ಚಿದ ಅಗ್ಗದ ಹಾಸುಗಳು ಒಂದೇ ಕಡೆ ಹಬೆ ತಿಂದರೆ ಪದರ ಬಿಡುತ್ತವೆ. ಬಣ್ಣದ ಜಮಖಾನೆಯಾದರೆ ಮಂಚದ ಕೆಳಗಿನ ಮೂಲೆಯಲ್ಲಿ ಮೊದಲು ಪರೀಕ್ಷಿಸುವುದು ಲೇಸು.

ಮಲೆನಾಡಿನಲ್ಲಿ ನಿಜವಾದ ತೊಡಕು ಒಣಗಿಸುವುದರಲ್ಲಿದೆ. ಬಯಲುಸೀಮೆಯ ಬೇಸಿಗೆಯಲ್ಲಿ ಬೇಗ ಆರುವ ಜಾಗ ಇಲ್ಲಿ ಜುಲೈ ತಿಂಗಳಲ್ಲಿ ಮರುದಿನವೂ ತೇವವಾಗಿಯೇ ಇದ್ದು, ಮುಗ್ಗಲು ವಾಸನೆ ಹಿಡಿದು ಬೂಷ್ಟು ಬರುತ್ತದೆ. ನಿಧಾನವಾಗಿ ಒಣಗುವಾಗ ಬುಡದಲ್ಲಿ ಉಳಿದ ಕೊಳೆ ತೇವದೊಡನೆ ಮೇಲೇರಿ, ಹೋದ ಕಲೆಯೇ ಮತ್ತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಹಬೆ ಕೊಟ್ಟ ಜಾಗದ ಮೇಲೆ ಒಣಬಟ್ಟೆಯ ಮಡಿಕೆಯಿಟ್ಟು ಭಾರ ಹೇರಿ, ಅದು ತೇವ ಹೀರಿದ ಮೇಲೆ ಟೇಬಲ್ ಫ್ಯಾನನ್ನು ನೆಲಮಟ್ಟದಲ್ಲಿ ತಿರುಗಿಸಿಡಬೇಕು. ಕೋಣೆಗೊಂದು ಹಾಸಿರುವ ಹೋಂಸ್ಟೇ ನಡೆಸುವವರಿಗೆ ನನ್ನ ಸಲಹೆ: ಇಡೀ ಕಾರ್ಪೆಟ್ಟಿಗೆ ಈ ಯಂತ್ರ ಹಿಡಿಯಬೇಡಿ, ಅಂಗೈಯಗಲದ ಕಲೆಗೆ ಮಾತ್ರ ಬಳಸಿ; ದೊಡ್ಡ ಕೆಲಸಕ್ಕೆ ನೀರು ಹಾಯಿಸಿ ಮರಳಿ ಎಳೆದುಕೊಳ್ಳುವ ಯಂತ್ರವಿರುವವರನ್ನು ಮಳೆಗೆ ಮುಂಚೆಯೇ ಕರೆಸಿ.

ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ನಳಿಕೆಯ ತೂತಿನಲ್ಲಿ ಸುಣ್ಣ ಕಟ್ಟುತ್ತದೆ. ಫಿಲ್ಟರ್ ನೀರು ಬಳಸಿ, ಪ್ರತಿ ಸಲವೂ ಟ್ಯಾಂಕ್ ಬರಿದು ಮಾಡಿಡುವುದು ವಾಸಿ. ಕೊಳ್ಳುವಾಗಲೇ ಮುಚ್ಚಳದ ರಬ್ಬರ್ ವಾಷರ್ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸಿ; ಅದು ಸವೆದರೆ ಒತ್ತಡ ನಿಲ್ಲುವುದಿಲ್ಲ.